ಕಂಸದೊಳಗಿನ ಹೆಸರುಗಳು

ಪಿಂಕ್ ಫ್ಲಾಯ್ಡ್ ರಾಕ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಎಲ್‌ಪಿ 1973ರ ಮಾರ್ಚ್‌ನಲ್ಲಿ ಹೊರಬಂದಾಗ ಹಾಡುಗಳ ಮುಂದೆ ರಚನಕಾರರನ್ನು ಹೆಸರಿಸುವ ಕಂಸಗಳಲ್ಲಿ ಇದ್ದದ್ದು ನಾಲ್ಕೇ ಹೆಸರು: ರೋಜರ್ ವಾಟರ್ಸ್, ಡೇವಿಡ್ ಗಿಲ್ಮೋರ್, ರಿಚರ್ಡ್ ರೈಟ್, ನಿಕ್ ಮೇಸನ್. ಸಾಹಿತ್ಯವೆಲ್ಲ ವಾಟರ್ಸ್ ಅವರದು. ಉಳಿದಂತೆ ಹಾಡಿನಿಂದ ಹಾಡಿಗೆ ಹೆಸರುಗಳು ಸೇರುತ್ತವೆ, ಬಿಟ್ಟುಹೋಗುತ್ತವೆ. ‘ಮನಿ’ ವಾಟರ್ಸ್ ಒಬ್ಬರದು, ‘ಅಸ್ ಆಂಡ್ ದೆಮ್’ ವಾಟರ್ಸ್ ಮತ್ತು ರೈಟ್ ಅವರದು, ‘ಟೈಮ್’ ನಾಲ್ವರದು. ‘ಎನಿ ಕಲರ್ ಯು ಲೈಕ್’ನಲ್ಲಿ ವಾಟರ್ಸ್ ಹೆಸರೇ ಇಲ್ಲ. ಯಾರು ಏನು ನುಡಿಸಿದರು ಎಂದು ತಿಳಿಯಲು ಈ ಪಟ್ಟಿ ನೋಡಿದರೆ ಉತ್ತರ ಸಿಗದು. ಹಣ ಯಾರಿಗೆ ಸೇರಬೇಕು ಎಂಬುದಷ್ಟೇ ಅಲ್ಲಿದೆ.

ಮುದ್ರಿತ ಹಾಡೊಂದರಲ್ಲಿ ಎರಡು ಬೇರೆ ಬೇರೆ ಆಸ್ತಿಗಳಿರುತ್ತವೆ. ಒಂದು ಧ್ವನಿಮುದ್ರಿಕೆ, ಅದರ ಗಳಿಕೆ ಒಪ್ಪಂದದ ಪ್ರಕಾರ ಕಂಪನಿ ಮತ್ತು ತಂಡದ ನಡುವೆ ಹಂಚಿಕೆಯಾಗುತ್ತದೆ. ಇನ್ನೊಂದು ರಚನೆ, ಅಂದರೆ ಮಟ್ಟು ಮತ್ತು ಮಾತು. ರೇಡಿಯೊದಲ್ಲಿ ಹಾಡು ಬಂದರೂ, ಬೇರೊಬ್ಬ ಗಾಯಕ ಅದನ್ನು ಹಾಡಿ ಮುದ್ರಿಸಿದರೂ, ರಚನೆಯ ರಾಯಧನ ಕಂಸದೊಳಗಿರುವವರಿಗೇ. ಅಮೆರಿಕದ ಅಂದಿನ ಕಾನೂನಿನಲ್ಲಿ ಮಾರಾಟವಾದ ಪ್ರತಿಯೊಂದು ಪ್ರತಿಗೆ ಹಾಡೊಂದಕ್ಕೆ 2 ಸೆಂಟ್ ದರವಿತ್ತು. ಹಾಡು ಎಷ್ಟು ನಿಮಿಷದ್ದು ಎಂಬುದು ಲೆಕ್ಕಕ್ಕಿರಲಿಲ್ಲ. ಬಿಲ್‌ಬೋರ್ಡ್ ಪಟ್ಟಿಯಲ್ಲಿ 700ಕ್ಕೂ ಹೆಚ್ಚು ವಾರ ಉಳಿದ ಆಲ್ಬಂ ಇದು. ಇಲ್ಲಿ ಒಂದು ಹೆಸರು ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರ ಒಂದು ಜೀವಮಾನದ ಆದಾಯ.

‘ಅಸ್ ಆಂಡ್ ದೆಮ್’ ವಿಷಯದಲ್ಲಿ ಕಂಸ ನಿಜವನ್ನೇ ಹೇಳುತ್ತದೆ. ಆ ಪಿಯಾನೊ ಮಟ್ಟನ್ನು ರೈಟ್ ರಚಿಸಿದ್ದು ಆಂಟೋನಿಯೋನಿಯವರ ‘ಝಬ್ರಿಸ್ಕಿ ಪಾಯಿಂಟ್’ ಸಿನಿಮಾಕ್ಕಾಗಿ. ನಿರ್ದೇಶಕರು ಬೇಡವೆಂದರು, ಮಟ್ಟು ಮೂಲೆ ಸೇರಿತು, ಕೆಲವು ವರ್ಷಗಳ ನಂತರ ವಾಟರ್ಸ್ ಅದಕ್ಕೆ ಮಾತು ಕೂಡಿಸಿದರು. ‘ಮನಿ’ಯದು ಇಷ್ಟು ಸರಳವಲ್ಲ. ಏಳು ಎಣಿಕೆಯ ಆ ನಡೆ ವಾಟರ್ಸ್ ಅವರದೇ. ಆದರೆ ನಡುವೆ ತಾಳ ನಾಲ್ಕಕ್ಕೆ ಹೊರಳಿ ಗಿಲ್ಮೋರ್ ಗಿಟಾರ್ ಹಾರುತ್ತದೆ. ಅದಕ್ಕೆ ಮುನ್ನ ಡಿಕ್ ಪ್ಯಾರಿಯವರ ಸ್ಯಾಕ್ಸೊಫೋನ್ ಇದೆ. ಇವೆರಡನ್ನೂ ಬಿಟ್ಟು ಹಾಡಿದರೂ ಹಾಡು ಹಾಡಾಗಿಯೇ ಉಳಿಯುತ್ತದೆ, ಹಾಗಾಗಿ ಇವು ರಚನೆಯಲ್ಲ, ನುಡಿಸಾಣಿಕೆ ಎಂಬುದು ಈ ಉದ್ಯಮದ ವಾಡಿಕೆ. ಕಿವಿ ಇದನ್ನು ಸುಲಭವಾಗಿ ಒಪ್ಪುವುದಿಲ್ಲ.

ಹಾಗೆಂದು ಈ ವಾಡಿಕೆಯನ್ನು ತಂಡ ಎಲ್ಲೆಡೆ ಪಾಲಿಸಿದೆಯೇ ಎಂದರೆ ಅದೂ ಇಲ್ಲ. ‘ಟೈಮ್’ನ ಆರಂಭದಲ್ಲಿ ಮೇಸನ್ ರೊಟೊಟಾಮ್ ಬಾರಿಸುತ್ತಾರೆ, ಕಂಸದಲ್ಲಿ ಅವರ ಹೆಸರೂ ಇದೆ. ಅದಕ್ಕೂ ಮೊದಲು ಒಟ್ಟಿಗೆ ಬಡಿದುಕೊಳ್ಳುವ ಗಡಿಯಾರಗಳನ್ನು ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಮುದ್ರಿಸಿಕೊಂಡು ಬಂದವರು ಎಂಜಿನಿಯರ್ ಅಲನ್ ಪಾರ್ಸನ್ಸ್. ಅವರ ಹೆಸರು ಎಂಜಿನಿಯರ್ ಸಾಲಿನಲ್ಲಷ್ಟೇ. ಆಲ್ಬಂ ತೆರೆಯುವ ‘ಸ್ಪೀಕ್ ಟು ಮಿ’ ಎದೆಬಡಿತ, ನಗು, ಕಾಸಿನ ಸದ್ದುಗಳನ್ನು ಹೆಣೆದ ತುಣುಕು. ಅದು ಪೂರ್ತಿ ಮೇಸನ್ ಹೆಸರಿನಲ್ಲಿದೆ. ಆ ಹಕ್ಕು ತಾನು ಕೊಟ್ಟ ಉಡುಗೊರೆ ಎಂದು ವಾಟರ್ಸ್ ಮುಂದೆ, ಸಂಬಂಧ ಹಳಸಿದ ಮೇಲೆ, ಹೇಳಿಕೊಂಡರು. ‘ಬ್ರೀದ್’ನಲ್ಲಿ ಬರುವ ಒಂದು ಕಾರ್ಡ್ (ಸ್ವರಗುಚ್ಛ) ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಕೇಳಿ ಹೊಳೆದದ್ದು ಎಂದು ರೈಟ್ ಒಪ್ಪಿಕೊಂಡಿದ್ದಾರೆ. ಕಾರ್ಡ್‌ಗೆ ಯಾರೂ ಒಡೆಯರಿಲ್ಲ, ಆ ಮಾತು ಅಲ್ಲಿಗೇ ಮುಗಿಯಿತು.

ಎಲ್ಲಕ್ಕಿಂತ ದೊಡ್ಡ ತಕರಾರು ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ ಕುರಿತದ್ದು. ರೈಟ್ ಪಿಯಾನೊದಲ್ಲಿ ಒಂದು ಸ್ವರಸರಣಿ ಕಟ್ಟಿದ್ದರು. ಅದರ ಮೇಲೆ ಏನಿರಬೇಕೆಂದು ತಂಡಕ್ಕೆ ಹೊಳೆದಿರಲಿಲ್ಲ. ಪಾರ್ಸನ್ಸ್ ಸೂಚನೆಯಂತೆ 1973ರ ಜನವರಿಯ ಒಂದು ಭಾನುವಾರ ಲಂಡನ್ನಿನ ಆಬಿ ರೋಡ್ ಸ್ಟುಡಿಯೋಗೆ ಕ್ಲೇರ್ ಟೋರಿ ಎಂಬ ಗಾಯಕಿಯನ್ನು ಕರೆಸಿದರು. ಮಾತು ಬೇಡ, ಸ್ವರಲಿಪಿ ಇಲ್ಲ, ವಿಷಯ ಸಾವು. ದನಿಯನ್ನೇ ವಾದ್ಯವೆಂದುಕೊಂಡು ಆಕೆ ಎರಡು ಸಲ ಪೂರ್ತಿ ಹಾಡಿದರು, ಮೂರನೆಯದನ್ನು ಅರ್ಧಕ್ಕೆ ನಿಲ್ಲಿಸಿದರು, ಭಾನುವಾರದ ದುಪ್ಪಟ್ಟು ದರವಾದ 30 ಪೌಂಡ್ ಪಡೆದು ಹೊರಟರು. ಹಾಡು ಬಳಕೆಯಾಗುತ್ತದೆಂಬ ನಂಬಿಕೆಯೂ ಆಕೆಗಿರಲಿಲ್ಲ. ಆಲ್ಬಂನಲ್ಲಿ ಗಾಯಕಿಯೆಂದು ಹೆಸರು ಬಂತು. ರಚನೆ ರೈಟ್ ಒಬ್ಬರದೇ ಆಯಿತು.

ಕರ್ನಾಟಕ ಸಂಗೀತ ಬಲ್ಲವರಿಗೆ ಇಲ್ಲಿನ ತೊಡಕು ಬೇಗ ತಿಳಿಯುತ್ತದೆ. ತ್ಯಾಗರಾಜರ ಕೃತಿಗೆ ಮುನ್ನ ಗಾಯಕಿ ಮಾಡುವ ರಾಗಾಲಾಪನೆಯನ್ನು ತ್ಯಾಗರಾಜರ ರಚನೆ ಎಂದು ಯಾರೂ ಹೇಳುವುದಿಲ್ಲ. ಟೋರಿ ಹಾಡಿದ್ದೂ ಆಲಾಪನೆಯೇ, ಆದರೆ ಅದರ ಹಿಂದೆ ಕೃತಿಯೇ ಇಲ್ಲ. ಆ ನಾಲ್ಕು ಮುಕ್ಕಾಲು ನಿಮಿಷಗಳಲ್ಲಿ ಗುನುಗಬಹುದಾದ ಮಟ್ಟು ಯಾವುದಾದರೂ ಇದ್ದರೆ ಅದು ಆಕೆಯ ಗಂಟಲಿನಿಂದ ಬಂದದ್ದು. 2004ರಲ್ಲಿ ಆಕೆ ಪಿಂಕ್ ಫ್ಲಾಯ್ಡ್ ಮತ್ತು ಅದರ ಧ್ವನಿಮುದ್ರಣ ಕಂಪನಿ ಇಎಂಐ ಮೇಲೆ ಮೊಕದ್ದಮೆ ಹೂಡಿದರು. 2005ರಲ್ಲಿ ನ್ಯಾಯಾಲಯದ ಹೊರಗೆ ರಾಜಿಯಾಯಿತು. ಮೊತ್ತ ಬಹಿರಂಗವಾಗಲಿಲ್ಲ, ಆದರೆ ನಂತರದ ಮುದ್ರಣಗಳಲ್ಲಿ ರೈಟ್ ಪಕ್ಕದಲ್ಲಿ ಟೋರಿ ಹೆಸರು ಬಂತು.

ರಾಜಿಯಾದದ್ದರಿಂದ ನ್ಯಾಯಾಧೀಶರ ಮಾತು ಕೇಳುವ ಅವಕಾಶ ತಪ್ಪಿತು. ಅದನ್ನು ಒದಗಿಸಿದ್ದು ಪ್ರೊಕೋಲ್ ಹರಮ್ ತಂಡದ ಪ್ರಕರಣ. 1967ರ ‘ಎ ವೈಟರ್ ಶೇಡ್ ಆಫ್ ಪೇಲ್’ ಹಾಡಿನ ಆರ್ಗನ್ ಭಾಗ ತನ್ನದೆಂದು ಅದನ್ನು ನುಡಿಸಿದ್ದ ಮ್ಯಾಥ್ಯೂ ಫಿಶರ್ 2005ರಲ್ಲಿ ದಾವೆ ಹೂಡಿದರು. 2006ರಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಸಂಗೀತದ ಹಕ್ಕಿನಲ್ಲಿ ಶೇ 40 ಕೊಟ್ಟಿತು. 2008ರಲ್ಲಿ ಮೇಲ್ಮನವಿ ನ್ಯಾಯಾಲಯ ಹೆಸರನ್ನು ಉಳಿಸಿ ಹಣವನ್ನು ಕಿತ್ತುಕೊಂಡಿತು. 2009ರಲ್ಲಿ ಅಂದಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಪಾಲನ್ನು ಮರಳಿಸಿತು. ತಡವಾಗಿ ಕೇಳಿದ್ದರಿಂದ ಹಕ್ಕು ಸಾಯುವುದಿಲ್ಲ ಎಂಬುದು ಅಲ್ಲಿ ಇತ್ಯರ್ಥವಾದ ಮುಖ್ಯ ಸಂಗತಿ. ಹಿಂದಿನ ದಶಕಗಳ ಗಳಿಕೆ ಮಾತ್ರ ಫಿಶರ್‌ಗೆ ಸಿಗಲಿಲ್ಲ.

ಈ ಜಗಳಗಳಿಂದ ದೂರ ಉಳಿಯುವ ಉಪಾಯ ಕೆಲವು ತಂಡಗಳಿಗೆ ಗೊತ್ತಿತ್ತು. ಡೀಪ್ ಪರ್ಪಲ್ 1972ರ ‘ಮಷೀನ್ ಹೆಡ್’ನಲ್ಲಿ ಪ್ರತಿ ಹಾಡಿಗೂ ಐವರ ಹೆಸರು ಹಾಕಿತು. ಕ್ವೀನ್ ತಂಡ 1989ರ ‘ದ ಮಿರಾಕಲ್’ನಿಂದ ರಚನೆಯನ್ನು ಇಡೀ ತಂಡದ ಹೆಸರಿಗೆ ಬರೆಯತೊಡಗಿತು. ಇದರಲ್ಲಿ ಕಷ್ಟಪಟ್ಟವನಿಗೂ ಕೈಕಟ್ಟಿ ಕೂತವನಿಗೂ ಒಂದೇ ಪಾಲು ಎಂಬ ದೂರು ಇದ್ದೇ ಇದೆ, ಆದರೆ ಹೆಸರಿನ ಜಗಳ ತಪ್ಪುತ್ತದೆ.

ಪಿಂಕ್ ಫ್ಲಾಯ್ಡ್ ಹಿಡಿದದ್ದು ಎದುರು ದಾರಿ. 1977ರ ‘ಅನಿಮಲ್ಸ್’ನಲ್ಲಿ ಗಿಲ್ಮೋರ್ ಪಾಲಿರುವ ‘ಡಾಗ್ಸ್’ ಎಲ್‌ಪಿಯ ಒಂದು ಬದಿಯನ್ನು ಹೆಚ್ಚುಕಡಿಮೆ ಪೂರ್ತಿ ತುಂಬಿದೆ. ವಾಟರ್ಸ್ ಅವರ ಪುಟ್ಟ ‘ಪಿಗ್ಸ್ ಆನ್ ದ ವಿಂಗ್’ ಆಲ್ಬಂನ ಎರಡು ತುದಿಗಳಲ್ಲಿ ಎರಡು ಹಾಡಾಗಿ ಬಂತು. ರಾಯಧನ ಹಾಡಿನ ಲೆಕ್ಕದಲ್ಲಿ ಹಂಚಿಕೆಯಾಗುತ್ತಿದ್ದುದರಿಂದ ಇದು ಮನಸ್ತಾಪಕ್ಕೆ ಕಾರಣವಾಯಿತು. 1979ರ ‘ದ ವಾಲ್’ನ ಕಂಸಗಳಲ್ಲಿ ರೈಟ್ ಹೆಸರು ಒಂದು ಕಡೆಯೂ ಇಲ್ಲ. 1983ರ ‘ದ ಫೈನಲ್ ಕಟ್’ ಹೊತ್ತಿಗೆ ರೈಟ್ ತಂಡದಲ್ಲೇ ಇರಲಿಲ್ಲ, ಎಲ್ಲ ಹಾಡುಗಳೂ ವಾಟರ್ಸ್ ಒಬ್ಬರವೇ. ಕೃತಿ ರೋಜರ್ ವಾಟರ್ಸ್ ಅವರದು, ಪ್ರಸ್ತುತಿ ಪಿಂಕ್ ಫ್ಲಾಯ್ಡ್ ಅವರದು ಎಂದು ಅದರ ಹೊದಿಕೆಯ ಹಿಂಬದಿಯಲ್ಲೇ ಅಚ್ಚಾಯಿತು.