ಮಾಲ್ಗುಡಿಯ ಪದವೀಧರ

ವಿದ್ಯಾರ್ಥಿಜೀವನವನ್ನು ಕಥಾವಸ್ತುವಾಗಿ ಆರಿಸಿಕೊಂಡ ಲೇಖಕನಿಗೆ ಎರಡು ಅಪಾಯಗಳುಂಟು. ಕಳೆದುಹೋದ ತಾರುಣ್ಯವನ್ನು ನೆನೆದು ಕರಗುವುದು ಒಂದು. ಬುದ್ಧಿ ಬಲಿತ ಮೇಲೆ ಅದನ್ನು ಪರಿಹಾಸ ಮಾಡುವುದು ಮತ್ತೊಂದು. ಆರ್. ಕೆ. ನಾರಾಯಣರು 1937ರಲ್ಲಿ ಪ್ರಕಟಿಸಿದ ‘ದಿ ಬ್ಯಾಚಲರ್ ಆಫ್ ಆರ್ಟ್ಸ್’ ಎಂಬ ಇಂಗ್ಲಿಷ್ ಕಾದಂಬರಿಯು ಈ ಎರಡರಿಂದಲೂ ಪಾರಾಗಿದೆಯೆಂಬುದನ್ನು ಸಹೃದಯರು ಒಪ್ಪದಿರಲಾರರು. ಆದರೆ ಅದು ಆ ಕಾಲದ ವಿದ್ಯಾರ್ಥಿಜೀವನದ ಪೂರ್ಣಚಿತ್ರವೇ ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲ.

ಗ್ರಂಥದ ಮೊದಲ ಭಾಗವು ಕಾಲೇಜಿಗೆ ಮೀಸಲು. ನಾಯಕನಾದ ಚಂದ್ರನ್ ಇತಿಹಾಸದ ವಿದ್ಯಾರ್ಥಿ. ಚರಿತ್ರಕಾರರನ್ನೇ ಮೊದಲು ವಧಿಸತಕ್ಕದ್ದೆಂಬ ಸೂಚನೆಯನ್ನು ಚರ್ಚಾಸಭೆಯಲ್ಲಿ ಮಂಡಿಸುವ ಭಾರವು ಅವನ ಮೇಲೆಯೇ ಬೀಳುತ್ತದೆ. ಮಾತಿನ ಚಮತ್ಕಾರಕ್ಕೆ ಅಲ್ಲಿ ಕೊರತೆಯಿಲ್ಲ, ಇಲ್ಲದಿರುವುದು ನಂಬಿಕೆ. ಮುಂದೆ ಇತಿಹಾಸದ ಅಧ್ಯಾಪಕರಾದ ರಾಘವಾಚಾರ್ ಅವರು ಇದೇ ವಾಗ್ಮಿಯನ್ನು ಇತಿಹಾಸ ಸಂಘದ ಕಾರ್ಯದರ್ಶಿಯಾಗಿ ನಿಯಮಿಸುತ್ತಾರೆ! ಪ್ರತಿಭಟನೆಯನ್ನು ದಂಡಿಸದೆ, ಅದಕ್ಕೊಂದು ಅಧಿಕಾರ ಕೊಟ್ಟು ಜೀರ್ಣಿಸಿಕೊಳ್ಳುವ ವಿದ್ಯಾಸಂಸ್ಥೆಯ ಸ್ವಭಾವವನ್ನು ಇದಕ್ಕಿಂತ ಮಿತವಾದ ಮಾತುಗಳಲ್ಲಿ ತೋರಿಸುವುದು ಕಷ್ಟ.

ನಾರಾಯಣರು ಬಿ.ಎ. ಪದವಿ ಪಡೆದದ್ದು 1930ರಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ. ಆ ಕಾಲೇಜು ದೇಶೀಯ ಸಂಸ್ಥಾನವೊಂದು 1916ರಲ್ಲಿ ಸ್ವಂತವಾಗಿ ಕಟ್ಟಿದ ವಿಶ್ವವಿದ್ಯಾನಿಲಯಕ್ಕೆ ಸೇರಿದುದು. ಮಾಲ್ಗುಡಿಯ ಕಾಲೇಜಾದರೋ ಮಿಷನ್ನಿನದು; ಅದರ ಪ್ರಿನ್ಸಿಪಾಲರು ಬ್ರೌನ್ ಎಂಬ ಆಂಗ್ಲರು. ಈ ಮಾರ್ಪಾಟಿನಿಂದ ಪರಭಾಷೆ ಪರಾಧಿಕಾರಗಳೆರಡೂ ಒಂದೇ ಕುರ್ಚಿಯಲ್ಲಿ ಕುಳಿತು, ಕಥೆಯ ವ್ಯಂಗ್ಯವು ಹರಿತವಾಯಿತು. ಅದೇ ಮಾರ್ಪಾಟಿನಿಂದ ಮೈಸೂರಿನದೇ ಆದ ಒಂದು ಸಂಗತಿಯು ಚಿತ್ರದಿಂದ ಜಾರಿಹೋಯಿತು.

ಅದೇ ಕಾಲೇಜಿನಲ್ಲಿ, ಅದೇ ದಶಕದಲ್ಲಿ, ಮಲೆನಾಡಿನ ಕುಪ್ಪಳಿಯಿಂದ ಬಂದ ಇನ್ನೊಬ್ಬ ವಿದ್ಯಾರ್ಥಿಯಿದ್ದರು. ಮೊದಲು ಇಂಗ್ಲಿಷಿನಲ್ಲಿ ಕವಿತೆ ಬರೆದ ಕುವೆಂಪು ಅವರು 1924ರಲ್ಲಿ ಜೇಮ್ಸ್ ಕಸಿನ್ಸರ ಹಿತವಚನದಿಂದ ಕನ್ನಡಕ್ಕೆ ಹೊರಳಿದರು; ಶ್ರೀರಾಮಕೃಷ್ಣಾಶ್ರಮದ ಆಶ್ರಯದಲ್ಲಿದ್ದು ಓದಿದರು; ಕನ್ನಡ ಎಂ.ಎ. ತರಗತಿಯ ಮೊದಲ ತಂಡದಲ್ಲಿ 1929ರಲ್ಲಿ ತೇರ್ಗಡೆಯಾದರು. ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಹೊರಬಂದದ್ದು 1926ರಲ್ಲಿ. ಹೀಗೆ ವಿದ್ಯಾರ್ಥಿಗಳ ತಾಯ್ನುಡಿಯು ಕಾಲೇಜಿನ ಹೊಸಿಲನ್ನು ದಾಟುತ್ತಿದ್ದ ಕಾಲವದು. ಕುವೆಂಪು ಅವರ ಆತ್ಮಕಥೆ ‘ನೆನಪಿನ ದೋಣಿಯಲ್ಲಿ’ ಓದಿದವರಿಗೆ, ನಿವೃತ್ತ ನ್ಯಾಯಾಧೀಶರ ಮಗನಾದ ಚಂದ್ರನ್‌ನ ನಿಶ್ಚಿಂತವಾದ ದಿನಚರಿಯು ವಿದ್ಯಾರ್ಥಿಲೋಕದ ಒಂದು ಮೂಲೆಯಷ್ಟೇ ಎಂದು ತೋರದೆ ಇರದು.

ಲೇಖಕನು ಬರೆಯದೆ ಬಿಟ್ಟುದಕ್ಕಾಗಿ ಅವನನ್ನು ದೂಷಿಸುವುದು ನ್ಯಾಯವೇ? ಅಲ್ಲವೆಂದು ಕಾದಂಬರಿಯ ಉತ್ತರಾರ್ಧವೇ ಸಾಕ್ಷಿ ನುಡಿಯುತ್ತದೆ. ನದೀತೀರದಲ್ಲಿ ಕಂಡ ಮಾಲತಿಯನ್ನು ಚಂದ್ರನ್ ಮೆಚ್ಚುತ್ತಾನೆ; ಆದರೆ ಅಲ್ಲಿ ನಿರ್ಣಯ ಮಾಡುವುದು ಜಾತಕ, ತರ್ಕವಲ್ಲ. ಮನನೊಂದು ಕಾವಿಯುಟ್ಟು ಅಲೆಯುವಾಗ ಹಳ್ಳಿಗರು ಅವನನ್ನು ನಿಜವಾದ ಸಂನ್ಯಾಸಿಯೆಂದೇ ನಂಬಿ ಅನ್ನವಿಡುತ್ತಾರೆ. ಆ ಅನ್ನಕ್ಕೆ ತಾನು ಅರ್ಹನಲ್ಲವೆಂಬ ಅರಿವು ಅವನನ್ನು ಮನೆಗೆ ಹಿಂದಿರುಗಿಸುತ್ತದೆ. ಚರ್ಚಾಸಭೆಯಲ್ಲಿ ತಾನೇ ನಂಬದ ಮಾತನ್ನಾಡಿ ಚಪ್ಪಾಳೆ ಗಿಟ್ಟಿಸಿದ್ದವನು, ಇಲ್ಲಿ ತಾನೇ ನಂಬದ ವೇಷದಿಂದ ಅನ್ನ ಪಡೆದು ನಾಚುತ್ತಾನೆ. ಕಾಲೇಜು ಕಲಿಸದ ಪಾಠವನ್ನು ಹಳ್ಳಿಯು ಒಂದು ಮಾತನ್ನೂ ಆಡದೆ ಕಲಿಸಿತು. ಗ್ರಂಥದ ಜೀವಾಳವಿರುವುದು ಇಲ್ಲಿಯೇ. ಕಾಲೇಜಿನ ವಿದ್ಯೆಗೂ ನೆರೆಯ ಬಾಳಿಗೂ ನಡುವಣ ಬಿರುಕನ್ನು ನಾರಾಯಣರು ಕಂಡಿದ್ದರು. ಆ ಬಿರುಕಿಗೆ ಸೇತುವೆ ಕಟ್ಟಹೊರಟವರನ್ನು ಮಾತ್ರ ಅವರ ಕಾದಂಬರಿಯು ಕಾಣಲಿಲ್ಲ. ಇದು ಅದರ ಮಿತಿಯೇ ಹೊರತು ಸುಳ್ಳಲ್ಲ.

ಯಾದವಗಿರಿಯಲ್ಲಿ ನಾರಾಯಣರು ಬಾಳಿದ ಮನೆಯು 2016ರಿಂದ ವಸ್ತುಸಂಗ್ರಹಾಲಯವಾಗಿದೆ. ಶ್ರೀರಾಮಕೃಷ್ಣಾಶ್ರಮವಿರುವುದೂ ಇಂದು ಅದೇ ಬಡಾವಣೆಯಲ್ಲಿ. ಒಂದನ್ನು ನೋಡಿ ಬಂದವರು ಇನ್ನೊಂದರತ್ತಲೂ ನಾಲ್ಕು ಹೆಜ್ಜೆ ಹಾಕುವುದು ಲೇಸು. ಅಂತೆಯೇ ಆ ಎರಡು ಗ್ರಂಥಗಳನ್ನೂ ಜೊತೆಯಾಗಿ ಓದುವುದು ಉಚಿತ. ಒಂದರಲ್ಲಿ ಪದವಿ ಪಡೆದ ತರುಣನು ಮುಂದೇನೆಂದು ಅರಿಯದೆ ನಿಂತಿದ್ದಾನೆ. ಇನ್ನೊಂದರಲ್ಲಿ ಪದವಿಗೆ ಮೊದಲೇ ತನ್ನ ನುಡಿಯನ್ನು ಕಂಡುಕೊಂಡವನಿದ್ದಾನೆ. ಮಕ್ಕಳನ್ನು ಕಾಲೇಜಿಗೆ ಕಳುಹಿಸುವ ಮನೆಗಳವರಿಗೆ ಇಬ್ಬರ ಪರಿಚಯವೂ ಅಗತ್ಯ.