ಮನೆಯ ಕಂಪ್ಯೂಟರಿಗೆ ಯಾವ ಕಾವಲು?

ಮನೆಗೆ ಕಂಪ್ಯೂಟರ್ ಬಂದ ಕೂಡಲೇ ಕೇಳಿಬರುವ ಪ್ರಶ್ನೆ ‘ಯಾವ ಆಂಟಿವೈರಸ್ ಹಾಕಿಸೋಣ?’ ಎಂಬುದು. ಅಂಗಡಿಯವರು ಒಂದು ಹೆಸರು ಹೇಳುತ್ತಾರೆ, ಪಕ್ಕದ ಮನೆಯ ಹುಡುಗ ಇನ್ನೊಂದು ಹೇಳುತ್ತಾನೆ. ಯಾವುದೋ ಒಂದು ಬಂದು ಕೂತರೆ ರಕ್ಷಣೆಯ ಮಾತು ಅಲ್ಲಿಗೆ ಮುಗಿಯಿತು. ವರ್ಷಗಟ್ಟಲೆ ಅಪ್‌ಡೇಟ್ ಕಾಣದ ವಿಂಡೋಸ್, ಎಲ್ಲ ಖಾತೆಗಳಿಗೂ ಒಂದೇ ಪಾಸ್‌ವರ್ಡ್, ಮಕ್ಕಳ ಫೋಟೊಗಳಿಗೆ ಆ ಒಂದೇ ಹಾರ್ಡ್ ಡಿಸ್ಕಿನ ಆಸರೆ, ಇವು ಯಾರ ಗಮನಕ್ಕೂ ಬರುವುದಿಲ್ಲ. ದುಡ್ಡು ಖರ್ಚು ಮಾಡದೆಯೂ ಮನೆಯ ಕಂಪ್ಯೂಟರನ್ನು ಚೆನ್ನಾಗಿ ಕಾಪಾಡಿಕೊಳ್ಳಬಹುದೆಂದು ನಾನು ನಂಬಿದ್ದೇನೆ. ಆದರೆ ಉಚಿತವಾಗಿ ಸಿಗುವುದೆಲ್ಲ ಒಂದೇ ಬಗೆಯದಲ್ಲ. ಒಳ್ಳೆಯ ಅಭ್ಯಾಸ ಮಾಡಬೇಕಾದ ಕೆಲಸವನ್ನು ಯಾವ ತಂತ್ರಾಂಶವೂ ಮಾಡಿಕೊಡಲಾರದು.

ಮೊದಲಿಗೆ ಕ್ರ್ಯಾಕ್ ಮಾಡಿದ ತಂತ್ರಾಂಶವನ್ನು ನೋಡೋಣ. ಫಾರ್ಮ್ಯಾಟ್ ಮಾಡಿಸಲು ಕೊಟ್ಟ ಕಂಪ್ಯೂಟರ್ ಎಷ್ಟೋ ಸಲ ನಕಲಿ ವಿಂಡೋಸ್, ನಕಲಿ ಆಫೀಸ್, ನಕಲಿ ಫೋಟೊಶಾಪ್ ಹೊತ್ತುಕೊಂಡು ವಾಪಸು ಬರುತ್ತದೆ. ಇವನ್ನು ಚಾಲೂ ಮಾಡಲು ಕೆಎಂಎಸ್‌ಪಿಕೊದಂಥ ಆಕ್ಟಿವೇಟರ್ ಬೇಕು. ಅದನ್ನು ಓಡಿಸುವ ಮುನ್ನ ಆಂಟಿವೈರಸ್ ಆಫ್ ಮಾಡಿ ಎಂಬ ಸೂಚನೆಯೂ ಜೊತೆಗೇ ಇರುತ್ತದೆ. ಕಳ್ಳನೇ ಬಂದು ‘ಸ್ವಲ್ಪ ಹೊತ್ತು ನಾಯಿ ಕಟ್ಟಿಹಾಕಿ’ ಎಂದಂತೆ ಇದು. ಮನೆಬಳಕೆದಾರರನ್ನು ಬಹಳವಾಗಿ ಕಾಡಿದ ಸ್ಟಾಪ್ ಎಂಬ ರಾನ್ಸಮ್‌ವೇರ್ ಮುಖ್ಯವಾಗಿ ಹರಡಿದ್ದು ಇಂಥ ಕ್ರ್ಯಾಕ್‌ಗಳ ಮೂಲಕವೇ. ಅದು ಫೋಟೊ, ದಾಖಲೆಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಬಿಡಿಸಿಕೊಡಲು ಹಣ ಕೇಳುತ್ತದೆ. ಎಮ್ಸಿಸಾಫ್ಟ್ ಕಂಪನಿ 2019ರ ಅಕ್ಟೋಬರ್‌ನಲ್ಲಿ ಅದರ ಹಳೆಯ ರೂಪಗಳನ್ನು ಬಿಡಿಸುವ ಉಚಿತ ಸಾಧನವನ್ನು ಹೊರತಂದಿತು. ಆಮೇಲಿನ ರೂಪಗಳಿಗೆ ಸಿಕ್ಕಿಬಿದ್ದ ಹೆಚ್ಚಿನವರಿಗೆ ಆ ದಾರಿಯೂ ಇಲ್ಲ. ಕ್ರ್ಯಾಕ್ ಬೇಡವೆನ್ನಲು ಕಾನೂನಿನವರೆಗೆ ಹೋಗಬೇಕಾಗಿಲ್ಲ, ಈ ಒಂದು ಕಾರಣ ಸಾಕು.

ಎರಡನೆಯ ಬಗೆ, ಕಂಪನಿಗಳು ಬಿಟ್ಟಿಯಾಗಿ ಕೊಡುವ ತಂತ್ರಾಂಶ. ಇಲ್ಲಿ ಕೇಳಬೇಕಾದದ್ದು, ಇದನ್ನು ಕೊಡುವವರಿಗೆ ಆದಾಯ ಎಲ್ಲಿಂದ ಬರುತ್ತದೆ ಎಂದು. ಕೋಟ್ಯಂತರ ಮಂದಿ ಬಳಸುತ್ತಿದ್ದ ಅವಾಸ್ಟ್ ಆಂಟಿವೈರಸ್‌ನ ಕಂಪನಿ, ಬಳಕೆದಾರರು ಯಾವ ಯಾವ ಜಾಲತಾಣಗಳಿಗೆ ಹೋದರೆಂಬ ವಿವರವನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದುದನ್ನು 2020ರ ಜನವರಿಯಲ್ಲಿ ಪತ್ರಕರ್ತರು ಬಯಲಿಗೆಳೆದರು. ಜಂಪ್‌ಶಾಟ್ ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕಂಪನಿಯಿಂದ 1.65 ಕೋಟಿ ಡಾಲರ್ ಕಟ್ಟಿಸಿ, ಜಾಹೀರಾತಿಗಾಗಿ ಇಂಥ ಮಾಹಿತಿಯನ್ನು ಮಾರದಂತೆ ನಿರ್ಬಂಧ ಹಾಕಿತು. ಕಂಪ್ಯೂಟರಿನ ಪ್ರತಿ ಕಡತವನ್ನೂ ತೆರೆದು ನೋಡುವ ಅಧಿಕಾರ ಪಡೆದವರೇ ಹೀಗೆ ಮಾಡಿದ್ದು ನಂಬಿಕೆದ್ರೋಹ.

ಕಂಪ್ಯೂಟರ್ ‘ಕ್ಲೀನ್’ ಮಾಡುವ ಸಾಧನಗಳದ್ದು ಇನ್ನೊಂದು ಪಾಠ. 2017ರಲ್ಲಿ ಸಿಕ್ಲೀನರ್ ತಯಾರಕರ ವ್ಯವಸ್ಥೆಯೊಳಗೇ ದಾಳಿಕೋರರು ನುಗ್ಗಿ, ಅದರ 5.33 ಆವೃತ್ತಿಯಲ್ಲಿ ಕುತಂತ್ರಾಂಶ ಸೇರಿಸಿದರು. ಅಧಿಕೃತ ತಾಣದಿಂದ, ಅಧಿಕೃತ ಡಿಜಿಟಲ್ ಸಹಿಯೊಂದಿಗೆ ಅದು ಸುಮಾರು 22.7 ಲಕ್ಷ ಕಂಪ್ಯೂಟರುಗಳನ್ನು ತಲುಪಿತು. ಬಳಕೆದಾರರು ಮಾಡಿದ ತಪ್ಪು ಏನೂ ಇರಲಿಲ್ಲ. ಆದರೆ ಇಂಥ ಸಾಧನ ಮಾಡುವ ಕೆಲಸದಲ್ಲಿ ಬಹುಪಾಲನ್ನು ವಿಂಡೋಸ್ ತಾನೇ ಮಾಡಿಕೊಳ್ಳುತ್ತದೆ. ಬೇಡದ್ದನ್ನು ಹಾಕಿಕೊಳ್ಳದಿರುವುದೂ ಒಂದು ರಕ್ಷಣೆ.

ಹಾಗಾದರೆ ವಿಂಡೋಸ್ ಬಳಸುವವರಿಗೆ ಯಾವ ಆಂಟಿವೈರಸ್? ಅದರೊಳಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್ ಸಾಕು. ವಿಂಡೋಸ್ 8ರ ಕಾಲದಲ್ಲಿ ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆಯ ಪರೀಕ್ಷೆಗಳಲ್ಲಿ ಇದು ಹಿಂದುಳಿದಿತ್ತು ನಿಜ. ಈಚಿನ ವರ್ಷಗಳಲ್ಲಿ ಅದೇ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಪೂರ್ಣ ಅಂಕ ಪಡೆದಿದೆ. ಒಂದು ಕೊರತೆಯನ್ನು ಮಾತ್ರ ಹೇಳಲೇಬೇಕು. ಗುರುತಿಲ್ಲದ ತಂತ್ರಾಂಶಗಳು ನಮ್ಮ ಫೋಲ್ಡರುಗಳನ್ನು ಮುಟ್ಟದಂತೆ ತಡೆಯುವ ಸೌಲಭ್ಯ ಅದರಲ್ಲಿದ್ದರೂ, ಸಾಮಾನ್ಯವಾಗಿ ಅದು ಆಫ್ ಆಗಿಯೇ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ರಾನ್ಸಮ್‌ವೇರ್ ರಕ್ಷಣೆಯ ಪುಟ ಹುಡುಕಿ ನಾವೇ ಆನ್ ಮಾಡಬೇಕು. ಸೋಂಕು ತಗುಲಿದೆಯೆಂಬ ಅನುಮಾನ ಬಂದರೆ, 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಭಾರತೀಯ ಕಂಪನಿಗಳ ಉಚಿತ ಸ್ವಚ್ಛತಾ ಸಾಧನಗಳಿವೆ. ಈ ಸೌಲಭ್ಯದ ಬಗ್ಗೆ ಇನ್ನಷ್ಟು ಪ್ರಚಾರ ಆಗಬೇಕಿತ್ತು.

ಮೂರನೆಯ ಬಗೆ, ಮೂಲ ಸಂಕೇತವನ್ನು ಯಾರು ಬೇಕಾದರೂ ಓದಿ ಪರೀಕ್ಷಿಸಬಹುದಾದ ಮುಕ್ತ ತಂತ್ರಾಂಶ. ನನ್ನ ಮೆಚ್ಚುಗೆ ಇದಕ್ಕೆ. ರೇಮಂಡ್ ಹಿಲ್ ರೂಪಿಸಿದ ಯುಬ್ಲಾಕ್ ಒರಿಜಿನ್ ಎಂಬ ಬ್ರೌಸರ್ ವಿಸ್ತರಣೆ ಜಾಹೀರಾತುಗಳನ್ನು ತಡೆಯುತ್ತದೆ. ಅವರು ಇದಕ್ಕೆ ದೇಣಿಗೆಯನ್ನೂ ತೆಗೆದುಕೊಳ್ಳುವುದಿಲ್ಲ. ಇದು ಕಿರಿಕಿರಿ ತಪ್ಪಿಸುವುದಕ್ಕಷ್ಟೇ ಅಲ್ಲ. ಹುಡುಕಾಟದ ಫಲಿತಾಂಶದ ಮೇಲ್ತುದಿಯಲ್ಲಿ ಜಾಹೀರಾತಿನ ವೇಷದಲ್ಲಿ ನಕಲಿ ತಾಣಗಳು ಬರುವುದರಿಂದ, ಜಾಹೀರಾತು ತಡೆ ಬಳಸಿ ಎಂದು ಅಮೆರಿಕದ ಎಫ್‌ಬಿಐ 2022ರ ಡಿಸೆಂಬರ್‌ನಲ್ಲಿ ಸಲಹೆ ಕೊಟ್ಟಿತ್ತು. ಕ್ರೋಮ್ ತನ್ನ ನಿಯಮ ಬದಲಿಸಿದ್ದರಿಂದ ಅಲ್ಲಿ ಈಗ ಇದರ ಕುಗ್ಗಿದ ರೂಪವಷ್ಟೇ ಸಿಗುತ್ತದೆ. ಪೂರ್ಣ ರೂಪ ಬೇಕಾದವರು ಫೈರ್‌ಫಾಕ್ಸ್ ಬಳಸಬೇಕು. ಪಾಸ್‌ವರ್ಡ್‌ಗಳಿಗೆ ಕೀಪಾಸ್‌ಎಕ್ಸ್‌ಸಿ ಇದೆ. ಒಂದು ಉದ್ದನೆಯ ಪಾಸ್‌ವರ್ಡ್ ನೆನಪಿಟ್ಟರೆ ಉಳಿದವನ್ನೆಲ್ಲ ನಮ್ಮದೇ ಕಂಪ್ಯೂಟರಿನಲ್ಲಿ ಗೂಢಲಿಪಿಯಲ್ಲಿ ಕಾದಿಡುತ್ತದೆ. ಆ ಕಡತದ ಪ್ರತಿ ಇಟ್ಟುಕೊಳ್ಳುವ ಜವಾಬ್ದಾರಿ ಮಾತ್ರ ನಮ್ಮದು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇಲ್ಲದ ಹಳೆಯ ಯಂತ್ರಗಳು ಇನ್ನೂ ಗಟ್ಟಿಯಾಗಿದ್ದರೂ ಅಪ್‌ಡೇಟ್ ಇಲ್ಲದೆ ಅಪಾಯಕ್ಕೆ ಬೀಳುತ್ತವೆ. ಇವುಗಳಿಗೆ ಲಿನಕ್ಸ್ ಮಿಂಟ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ನಿಜವಾದ ಪರಿಹಾರ. ಬ್ರೌಸರ್, ಲಿಬ್ರೆಆಫೀಸ್, ಯೂನಿಕೋಡ್ ಕನ್ನಡ ಟೈಪಿಂಗ್ ಎಲ್ಲವೂ ಅದರಲ್ಲಿ ಸರಾಗ. ಆದರೆ ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಪೇಜ್‌ಮೇಕರ್‌ನಲ್ಲಿ ಹಳೆಯ ನುಡಿ ಅಕ್ಷರಗಳೊಂದಿಗೆ ಪುಟ ಕಟ್ಟುವ ಡಿಟಿಪಿಯವರು ಕೂಡಲೇ ಲಿನಕ್ಸ್‌ಗೆ ಬರಲಾರರು. ಅವು ಲಿನಕ್ಸ್‌ಗೆಂದು ಮಾಡಿದವಲ್ಲ.

ಮುಕ್ತ ತಂತ್ರಾಂಶವನ್ನೂ ಕಣ್ಣುಮುಚ್ಚಿ ನಂಬಬೇಕಾಗಿಲ್ಲ. 2024ರ ಮಾರ್ಚ್‌ನಲ್ಲಿ ಲಿನಕ್ಸ್ ಲೋಕ ಬಳಸುವ ಎಕ್ಸ್‌ಜೆಡ್ ಎಂಬ ಸಣ್ಣ ತಂತ್ರಾಂಶದಲ್ಲಿ ಹಿಂಬಾಗಿಲೊಂದು ಸಿಕ್ಕಿತು. ವರ್ಷಗಳ ಕಾಲ ನಿಷ್ಠೆಯಿಂದ ದುಡಿದಂತೆ ತೋರಿಸಿಕೊಂಡು ನಂಬಿಕೆ ಗಳಿಸಿದ ಒಬ್ಬರು ಅದನ್ನು ಸೇರಿಸಿದ್ದರು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಹುಡುಕಹೊರಟ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಪತ್ತೆಹಚ್ಚಿದರು. ಮೂಲ ಸಂಕೇತ ತೆರೆದಿದೆ ಎಂದ ಮಾತ್ರಕ್ಕೆ ಅದನ್ನು ಯಾರಾದರೂ ಓದಿಯೇ ಇದ್ದಾರೆ ಎಂದಲ್ಲ. ಆದರೂ ಒಬ್ಬರಿಗೆ ಅನುಮಾನ ಬಂದಾಗ ಒಳಹೊಕ್ಕು ನೋಡಲು ಯಾರೂ ಅಡ್ಡ ಬರಲಿಲ್ಲ. ಆ ಅವಕಾಶವೇ ಇದರ ದೊಡ್ಡ ಬಲ.

ಇನ್ನು ಅಭ್ಯಾಸಗಳು. 2017ರ ಮೇ 12ರಂದು ಶುರುವಾದ ವಾನಾಕ್ರೈ ದಾಳಿ ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಕೆಡಿಸಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ನಿಂತವು. ಆಗ ಬೆಂಬಲದಲ್ಲಿದ್ದ ವಿಂಡೋಸ್‌ಗಳಿಗೆ ಈ ದಾಳಿ ಬಳಸಿಕೊಂಡ ಲೋಪ ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ‘ಆಮೇಲೆ ನೋಡೋಣ’ ಎಂದು ಅಪ್‌ಡೇಟನ್ನು ಮುಂದೂಡುವವರು ಈ ಎರಡು ತಿಂಗಳನ್ನು ನೆನಪಿಡಬೇಕು.

ತಂತ್ರಾಂಶವನ್ನು ಅದರ ಮೂಲ ತಾಣದಿಂದಲೇ ಇಳಿಸಿಕೊಳ್ಳಬೇಕು. 2022ರಲ್ಲಿ ಭಾರತದಲ್ಲಿ ವಿಎಲ್‌ಸಿ ಪ್ಲೇಯರ್‌ನ ಅಧಿಕೃತ ತಾಣ ತಡೆಗೊಳಗಾಗಿ ತಿಂಗಳುಗಟ್ಟಲೆ ತೆರೆಯುತ್ತಿರಲಿಲ್ಲ; ಆ ವರ್ಷದ ನವೆಂಬರ್‌ನಲ್ಲಿ ತಡೆ ತೆರವಾಯಿತು. ನಂಬಬಹುದಾದ ಬಾಗಿಲನ್ನು ಮುಚ್ಚಿದರೆ ಜನ ಗುರುತಿಲ್ಲದ ಬಾಗಿಲು ತಟ್ಟುತ್ತಾರೆ ಎಂಬುದನ್ನು ತಡೆ ಹಾಕುವವರೂ ಯೋಚಿಸಬೇಕು. ದಿನನಿತ್ಯದ ಕೆಲಸಕ್ಕೆ ಅಡ್ಮಿನಿಸ್ಟ್ರೇಟರ್ ಅಲ್ಲದ ಖಾತೆ ಇಟ್ಟುಕೊಳ್ಳಿ, ಮಕ್ಕಳಿಗಂತೂ ಬೇರೆ ಖಾತೆಯೇ ಇರಲಿ. ಜೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್ ಡ್ರೈವನ್ನು ಸ್ಕ್ಯಾನ್ ಮಾಡದೆ ತೆರೆಯಬೇಡಿ.

ಬ್ಯಾಕಪ್‌ನ ಮಹತ್ವ ಇವೆಲ್ಲಕ್ಕಿಂತ ಹೆಚ್ಚು. ಮುಖ್ಯ ಕಡತಗಳಿಗೆ ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದಾದರೂ ಮನೆಯ ಹೊರಗೆ. ಹೊರಗಿನಿಂದ ಜೋಡಿಸುವ ಹಾರ್ಡ್ ಡಿಸ್ಕನ್ನು ಕೆಲಸ ಮುಗಿದ ಕೂಡಲೇ ಬಿಚ್ಚಿಡಿ. ಜೋಡಿಸಿಯೇ ಇದ್ದರೆ ರಾನ್ಸಮ್‌ವೇರ್ ಅದನ್ನೂ ಬಿಡುವುದಿಲ್ಲ. ಫೋನ್ ಮಾಡಿ, ದೂರದಿಂದಲೇ ಕಂಪ್ಯೂಟರ್ ನಿಯಂತ್ರಿಸಲು ಬಿಡುವ ಎನಿಡೆಸ್ಕ್ ಹಾಕಿಕೊಳ್ಳಿ, ಒಟಿಪಿ ಹೇಳಿ ಎನ್ನುವವರನ್ನು ಯಾವ ಆಂಟಿವೈರಸ್ಸೂ ತಡೆಯದು. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನನ್ನ ತೀರ್ಪು ಇದು: ಕ್ರ್ಯಾಕ್ ಮಾಡಿದ್ದು ಸಂಪೂರ್ಣ ತ್ಯಾಜ್ಯ. ಬಿಟ್ಟಿ ಆಂಟಿವೈರಸ್ ಮತ್ತು ಕ್ಲೀನರ್‌ಗಳು ಅನಗತ್ಯ. ಡಿಫೆಂಡರ್ ಸಾಕು. ಯುಬ್ಲಾಕ್ ಒರಿಜಿನ್ ಮತ್ತು ಕೀಪಾಸ್‌ಎಕ್ಸ್‌ಸಿ ಪ್ರತಿ ಮನೆಯಲ್ಲೂ ಇರಬೇಕು. ಹಳೆಯ ಯಂತ್ರವನ್ನು ಎಸೆಯುವ ಮುನ್ನ ಲಿನಕ್ಸ್ ಮಿಂಟ್ ಹಾಕಿ ನೋಡಿ. ಇದನ್ನೆಲ್ಲ ಒಂದೇ ದಿನ ಮಾಡಬೇಕಾಗಿಲ್ಲ. ಈ ಭಾನುವಾರ ಬಾಕಿ ಇರುವ ಅಪ್‌ಡೇಟ್ ಹಾಕಿ, ಫೋಟೊಗಳದ್ದೊಂದು ಬ್ಯಾಕಪ್ ತೆಗೆದಿಡಿ. ಉಳಿದದ್ದನ್ನು ಅಲ್ಲಿಂದ ಮುಂದುವರಿಸಿ.