ತೋಪಿನ ಬಲ ಎತ್ತಿನ ಹೆಗಲಲ್ಲಿ

ಕೋಟೆಯ ಬುರುಜಿನ ಮೇಲಿರುವ ಹಳೆಯ ತೋಪನ್ನು ನೋಡುವವರು ಸಾಮಾನ್ಯವಾಗಿ ಅದರ ಉದ್ದ, ಬಾಯಿಯ ಅಗಲ, ಮೈಮೇಲಿನ ಬರಹ ಇವುಗಳತ್ತ ಗಮನ ಕೊಡುತ್ತಾರೆ. ಅದು ಅಲ್ಲಿಗೆ ಹೇಗೆ ಬಂತು, ಅದಕ್ಕೆ ಮದ್ದು ಎಲ್ಲಿಂದ ಒದಗುತ್ತಿತ್ತು, ಅದನ್ನು ಹಾರಿಸುವವನಿಗೆ ಸಂಬಳ ಕೊಡುತ್ತಿದ್ದವರು ಯಾರು ಎಂಬ ಪ್ರಶ್ನೆಗಳು ಬಹುಮಟ್ಟಿಗೆ ಕೇಳದೆಯೇ ಉಳಿಯುತ್ತವೆ. ತೋಪುಗಳ ಅಭ್ಯಾಸದಲ್ಲಿ ರುಚಿ ಹತ್ತಿದವರಿಗೆ ಈ ಮೂರು ಪ್ರಶ್ನೆಗಳೇ ಕ್ರಮೇಣ ಮುಖ್ಯವಾಗುತ್ತವೆ, ಏಕೆಂದರೆ ಯುದ್ಧದ ಗೆಲುವು ಸೋಲುಗಳು ಎರಕದ ಲೋಹಕ್ಕಿಂತ ಹೆಚ್ಚಾಗಿ ಅದರ ಹಿಂದಿದ್ದ ಎತ್ತು, ಮದ್ದು, ಹಣಗಳ ಏರ್ಪಾಟಿನ ಮೇಲೆ ನಿಂತಿದ್ದವು. ಮರಾಠಾ ಒಕ್ಕೂಟದ ತೋಪಖಾನೆ, ಎಂದರೆ ಫಿರಂಗಿ ದಳದ ಇಲಾಖೆ, ಇದಕ್ಕೆ ತಕ್ಕ ನಿದರ್ಶನ. ಅದರ ಕೊನೆಯ ದೊಡ್ಡ ಕಾಳಗ ನಡೆದದ್ದು ಕನ್ನಡಿಗರು ಸೊನ್ನಲಿಗೆಯೆಂದು ಬಲ್ಲ ಸೊಲ್ಲಾಪುರದಲ್ಲಿ, ಶರಣ ಸಿದ್ಧರಾಮ ಕಟ್ಟಿಸಿದ ಕೆರೆಯ ಪಕ್ಕದ ಕೋಟೆಯ ಬುಡದಲ್ಲಿ, 1818ರ ಮೇ ತಿಂಗಳಲ್ಲಿ.

ಒಕ್ಕೂಟವೆಂದರೆ ಇಲ್ಲಿ ಪುಣೆಯ ಪೇಶ್ವೆಯ ಹಿರಿತನವನ್ನು ಹೆಸರಿಗೆ ಒಪ್ಪಿಕೊಂಡು, ತಮ್ಮ ತಮ್ಮ ಸೀಮೆಗಳಲ್ಲಿ ಸ್ವತಂತ್ರವಾಗಿ ಆಳುತ್ತಿದ್ದ ಶಿಂದೆ, ಹೋಳಕರ, ಗಾಯಕವಾಡ, ನಾಗಪುರದ ಭೋಸಲೆ ಮೊದಲಾದವರ ಕೂಟ. ದಕ್ಷಿಣದಲ್ಲಿ ಪಟವರ್ಧನರು, ಮುಧೋಳದ ಘೋರ್ಪಡೆಯವರು, ಅಕ್ಕಲಕೋಟೆಯ ಭೋಸಲೆಯವರು ಇದೇ ಕೂಟದ ಕಿರಿಯ ಪಾಲುದಾರರಾಗಿದ್ದರು. ಇವರಿಗೆ ಭೂಮಿಯ ಕಂದಾಯವನ್ನು ಸರಂಜಾಮು ಎಂದು ಬಿಟ್ಟುಕೊಡಲಾಗುತ್ತಿತ್ತು, ಅಂದರೆ ಇಂತಿಷ್ಟು ಕುದುರೆ ಮತ್ತು ಸೈನಿಕರನ್ನು ಸಾಕಿ, ಕರೆ ಬಂದಾಗ ತರಬೇಕೆಂಬ ಷರತ್ತಿನ ಮೇಲೆ ಊರುಗಳನ್ನು ವಹಿಸಲಾಗುತ್ತಿತ್ತು. ಮಹಾಲಿಂಗರಾಯನ ಗುಡಿಗೆ ದೀಪಾವಳಿಯಲ್ಲಿ ಪಲ್ಲಕ್ಕಿಗಳು ಬಂದು ಕೂಡುವ ಹುಲಜಂತಿ ಇರುವ ಮಂಗಳವೇಢೆಯ ಸೀಮೆ ಸಾಂಗಲಿಯ ಪಟವರ್ಧನರ ಪಾಲಿಗೆ ಸೇರಿತ್ತು. ಸರಂಜಾಮಿನ ಲೆಕ್ಕ ಕುದುರೆಗೆ ಹೊಂದುತ್ತಿತ್ತು, ತೋಪಿಗೆ ಹೊಂದುತ್ತಿರಲಿಲ್ಲ. ರಾವುತ ದಸರೆಯ ಸೀಮೋಲ್ಲಂಘನಕ್ಕೆ ಕುದುರೆ ಏರಿ ಬಂದು ಮಳೆಗಾಲಕ್ಕೆ ಮನೆಗೆ ಮರಳಬಹುದಾಗಿತ್ತು. ತೋಪಿನ ಖರ್ಚು ವರ್ಷದ ಹನ್ನೆರಡು ತಿಂಗಳೂ ನಿಲ್ಲದೆ ನಡೆಯುವಂಥದು, ಅದನ್ನು ಹೊರಲು ನಿಂತ ಖಜಾನೆಯೇ ಬೇಕು.

ಪೇಶ್ವೆಯ ಆಡಳಿತ ಈ ತೊಡಕನ್ನು ಅರಿಯದೆ ಇರಲಿಲ್ಲ. ಮರಾಠಾ ರಾಜ್ಯದ ಹದಿನೆಂಟು ಕಾರಖಾನೆಗಳ, ಎಂದರೆ ಸರಕಾರಿ ಉಗ್ರಾಣ ಹಾಗೂ ಇಲಾಖೆಗಳ ಪಟ್ಟಿಯಲ್ಲಿ ತೋಪಖಾನೆ ಒಂದಾದರೆ ಮದ್ದನ್ನು ಕಾಯ್ದಿಡುವ ದಾರೂಖಾನೆ ಮತ್ತೊಂದು, ಒಂಟೆಗಳ ಉಷ್ಟ್ರಖಾನೆ ಇನ್ನೊಂದು. ಒಂಟೆಯ ಬೆನ್ನಿನ ಮೇಲಿಂದಲೇ ಹಾರಿಸುವ ಜಂಬೂರೆ ಎಂಬ ಸಣ್ಣ ತೋಪುಗಳೂ ದಂಡಿನೊಡನೆ ಹೋಗುತ್ತಿದ್ದವು. ತೋಪಖಾನೆಯ ಮೇಲ್ವಿಚಾರಣೆ ಸಾಸವಡದ ಹತ್ತಿರದ ಸೋನೋರಿಯ ಪಾನಸೆ ಮನೆತನದಲ್ಲಿ ವಂಶಪಾರಂಪರ್ಯವಾಗಿ ಉಳಿಯಿತು. ಭೀವರಾವ ಮತ್ತು ಕೃಷ್ಣಾಜಿ ಪಾನಸೆಯವರು 1757ರಿಂದ 1760ರ ಅವಧಿಯಲ್ಲಿ ತಮ್ಮೂರಿನ ಮೇಲಣ ಗುಡ್ಡದಲ್ಲಿ ಕಟ್ಟಿಸಿದ ಮಲ್ಹಾರಗಡ ಮರಾಠರು ಕಟ್ಟಿದ ಕೊನೆಯ ಗಿರಿದುರ್ಗವೆಂದು ಹೆಸರಾಗಿದೆ. ಮೊದಲನೆಯ ಮಾಧವರಾವ ಪೇಶ್ವೆಯ ಕಾಲದಲ್ಲಿ ಜುನ್ನರ ಸೀಮೆಯ ಆಂಬೇಗಾಂವದಲ್ಲಿ 1765-66ರಲ್ಲಿ ಗುಂಡು ಎರೆಯುವ ಕಾರ್ಖಾನೆ ನೆಲೆಗೊಂಡಿತು, ಕೆಲವು ವರ್ಷಗಳ ನಂತರ ಪುಣೆಯಲ್ಲಿಯೂ ಒಂದು ತೆರೆಯಿತು. ಪಾಣಿಪತ್ತಿನ ಸೋಲು ಇನ್ನೂ ಹಸಿಯಾಗಿದ್ದ ಕಾಲದಲ್ಲಿ ಆ ತರುಣ ಪೇಶ್ವೆ ಇಷ್ಟನ್ನು ಕಟ್ಟಿದನೆಂಬುದು ಅವನ ದೂರದೃಷ್ಟಿಗೆ ಸಾಕ್ಷಿ, ಮತ್ತು ಅವನ ನಂತರ ಆ ಕೆಲಸ ಅದೇ ಹುರುಪಿನಲ್ಲಿ ಮುಂದುವರಿಯಲಿಲ್ಲವೆಂಬುದು ಮರಾಠಾ ಸೇನೆಯ ಚರಿತ್ರೆಯ ದೊಡ್ಡ ದುರಂತಗಳಲ್ಲೊಂದು.

ಮದ್ದಿನ ವಿಷಯದಲ್ಲಿ ದಖ್ಖನಿಗೆ ಅರ್ಧ ಸ್ವಾವಲಂಬನೆ ಮಾತ್ರವಿತ್ತು. ಕರಿಮದ್ದಿನ ಮುಕ್ಕಾಲು ಪಾಲು ಪೆಟ್ಲುಪ್ಪು. ಅದನ್ನು ಊರ ಹಾಳು ಮಣ್ಣಿನಿಂದ, ದನ ಕಟ್ಟಿದ ಜಾಗದ ನೆಲದಿಂದ ನೀರಿನಲ್ಲಿ ಕರಗಿಸಿ ಕುದಿಸಿ ಹರಳುಗಟ್ಟಿಸಿ ತೆಗೆಯುವ ವಿದ್ಯೆ ಇಲ್ಲಿನವರಿಗೆ ಚೆನ್ನಾಗಿ ತಿಳಿದಿತ್ತು. ಇದ್ದಿಲಿಗೆ ಕೊರತೆಯಿರಲಿಲ್ಲ. ಗಂಧಕ ಮಾತ್ರ ಬಹುಪಾಲು ಸಮುದ್ರ ದಾಟಿ ಬಂದರುಗಳ ಮೂಲಕ ಬರಬೇಕಾಗಿತ್ತು, ಮತ್ತು ಬಂದರುಗಳ ಮೇಲೆ ಪೋರ್ಚುಗೀಸರ ಹಾಗೂ ಇಂಗ್ಲಿಷರ ಹಿಡಿತ ಬಿಗಿಯಾಗುತ್ತ ನಡೆದಿತ್ತು. ಒಳ್ಳೆಯ ತೋಪುಗಳಿಗೂ ಮರಾಠರು ಅನೇಕ ಸಲ ಇದೇ ಪರದೇಶಿ ವರ್ತಕರ ಬಾಗಿಲಿಗೆ ಹೋಗಬೇಕಾಯಿತು, ಅವರಾದರೋ ತಮ್ಮ ಎದುರಾಳಿಗೆ ತಮ್ಮಲ್ಲಿನ ಮೇಲ್ತರದ ಸರಕನ್ನು ಕೊಡುವವರಲ್ಲ.

ಆದರೂ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಎತ್ತುಗಳದು. ಭೀಮಾ ಮತ್ತು ಕೃಷ್ಣಾ ನಡುವಣ ಎರೆಭೂಮಿ ಒಂದು ದೊಡ್ಡ ಮಳೆಯಾದರೆ ಗಾಲಿಯನ್ನು ಅಚ್ಚಿನವರೆಗೆ ನುಂಗುತ್ತದೆ, ಆದ್ದರಿಂದ ತೋಪಿನ ದಂಡಯಾತ್ರೆ ದಸರೆಯಿಂದ ಮುಂಗಾರಿನ ಮೊದಲ ಮೋಡದವರೆಗೆ ಮಾತ್ರ ಸಾಧ್ಯವಿತ್ತು. ಒಂದು ದೊಡ್ಡ ಕೋಟೆಮುರುಕ ತೋಪಿಗೆ ಹತ್ತಾರು ಜೋಡಿ ಎತ್ತು ಬೇಕು, ಅವು ದಣಿದಾಗ ಹೂಡಲು ಬದಲಿ ಜೋಡಿಗಳು ಬೇಕು, ಮದ್ದುಗುಂಡಿನ ಬಂಡಿಗಳಿಗೆ ಬೇರೆ ಜೋಡಿ, ಇವೆಲ್ಲವುಗಳ ಮೇವು ಹೇರಿದ ಬಂಡಿಗಳಿಗೆ ಮತ್ತೆ ಬೇರೆ. ದಂಡಿಗೆ ಕಾಳು ಹೊತ್ತು ತರುತ್ತಿದ್ದವರು ಸಾವಿರಾರು ಹೇರೆತ್ತುಗಳನ್ನು ಸಾಕಿಕೊಂಡಿದ್ದ ಲಂಬಾಣಿಗರು. ಮಂಗಳವೇಢೆಯ ಬಿಳಿಜೋಳದ ಹೊಲಗಳು ಮನುಷ್ಯರಿಗೆ ಕಾಳನ್ನೂ ದನಗಳಿಗೆ ಕಣಿಕೆಯನ್ನೂ ಕೊಡುವಂಥವು. ಇದೇ ಸೀಮೆಯ ಹೆಮ್ಮೆಯಾದ ಖಿಲಾರಿ ಎತ್ತು ವೇಗಕ್ಕೂ ಕಸುವಿಗೂ ಹೆಸರಾದದ್ದು, ಮೈಸೂರಿನ ಹಳ್ಳಿಕಾರ ಮತ್ತು ಅಮೃತಮಹಲ್ ತಳಿಗಳಿಗೆ ಅದು ಹತ್ತಿರದ ನಂಟೆಂದು ತಳಿತಜ್ಞರು ಎಣಿಸುತ್ತಾರೆ. ಹೀಗೆ ಎತ್ತಿನ ಮಟ್ಟಿಗೆ ನೆಲದಲ್ಲಿ ಎಲ್ಲವೂ ಇತ್ತು. ಕೊರತೆ ಇದ್ದದ್ದು ಅದನ್ನು ಶಾಂತಿಕಾಲದಲ್ಲಿಯೂ ಸರಕಾರದ ಸೊತ್ತಾಗಿ ಒಂದು ಕೈಯ ಕೆಳಗೆ ಬೆಳೆಸಿ ಕಾಯುವ ಪದ್ಧತಿಯಲ್ಲಿ.

ಆ ಪದ್ಧತಿ ನೆರೆಯ ಮೈಸೂರಿನಲ್ಲಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು, ಎಂದರೆ ಅರಮನೆಯ ದನಗಳ ಇಲಾಖೆಯನ್ನು, ಹೈದರ್ ಅಲಿ ಸೈನ್ಯದ ಎತ್ತುಗಳ ಇಲಾಖೆಯಾಗಿ ಬೆಳೆಸಿದ, ಟಿಪ್ಪು ಅದಕ್ಕೆ ಅಮೃತಮಹಲ್ ಎಂಬ ಹೆಸರಿಟ್ಟು ಕಾವಲುಗಳನ್ನು, ಎಂದರೆ ಮೇವಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳನ್ನು, ನಿಯಮಗಳಿಗೆ ಒಳಪಡಿಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಹಿಂಡುಗಳು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿ ಸರಕಾರದ ಉಪಯೋಗಕ್ಕೆ ಬಂದವು, ಮತ್ತು 1803ರಲ್ಲಿ ಶಿಂದೆಯ ಮೇಲೆ ಏರಿಹೋದ ಕಂಪನಿಯ ಸೇನಾನಿ ಆರ್ಥರ್ ವೆಲ್ಲೆಸ್ಲಿ ಮೈಸೂರಿನ ಎತ್ತುಗಳ ನಡಿಗೆಯನ್ನು ಮನಸಾರೆ ಮೆಚ್ಚಿದ. ಕನ್ನಡ ನಾಡಿನ ದನಗಾಹಿಗಳು ತಲೆಮಾರುಗಳಿಂದ ತಿದ್ದಿ ಬೆಳೆಸಿದ ತಳಿಯೊಂದು ದಖ್ಖನಿನ ರಾಜಕೀಯವನ್ನು ಇಷ್ಟರಮಟ್ಟಿಗೆ ತಿರುಗಿಸಿತೆಂಬುದನ್ನು ನಮ್ಮ ಚರಿತ್ರೆಯ ಪುಸ್ತಕಗಳು ಇನ್ನೂ ಸಾಕಷ್ಟು ಹೇಳಿಲ್ಲ.

ಪೇಶ್ವೆಯ ಕಡೆಯ ತೋಪಿನ ಕೆಲಸ ಯುದ್ಧರಂಗದಲ್ಲಿ ಹೇಗೆ ನಡೆಯುತ್ತಿತ್ತೆಂಬುದಕ್ಕೆ ಧಾರವಾಡದ ಮುತ್ತಿಗೆ ಒಳ್ಳೆಯ ಸಾಕ್ಷಿ ಒದಗಿಸುತ್ತದೆ. ಟಿಪ್ಪುವಿನ ಕಿಲ್ಲೇದಾರ ಬದ್ರುಜ್ಜಮಾನ್ ಖಾನನು ಕಾಯುತ್ತಿದ್ದ ಆ ಕೋಟೆಯನ್ನು 1790ರ ಸೆಪ್ಟೆಂಬರಿನಿಂದ ಪರಶುರಾಮಭಾವು ಪಟವರ್ಧನನು ಮುತ್ತಿದಾಗ, ನೆರವಿಗೆ ಬಂದ ಇಂಗ್ಲಿಷ್ ತುಕಡಿಯಲ್ಲಿದ್ದ ಎಡ್ವರ್ಡ್ ಮೂರ್ ಎಂಬ ಯುವ ಅಧಿಕಾರಿ ತಾನು ಕಂಡದ್ದನ್ನು ಬರೆದಿಟ್ಟು 1794ರಲ್ಲಿ ಪ್ರಕಟಿಸಿದ. ಒಮ್ಮೆ ತೋಪು ತುಂಬಿದ ಮೇಲೆ ಗೋಲಂದಾಜರು, ಎಂದರೆ ತೋಪು ಹಾರಿಸುವವರು, ಅರ್ಧ ಗಂಟೆ ಮಾತಾಡುತ್ತ ಧೂಮಪಾನ ಮಾಡುತ್ತ ಕುಳಿತು ಆಮೇಲೆ ಬತ್ತಿ ಇಡುತ್ತಿದ್ದರು, ನಡು ಮಧ್ಯಾಹ್ನ ಊಟದ ಹೊತ್ತಿಗೆ ಎರಡೂ ಕಡೆಯ ತೋಪುಗಳು ಮೌನವಾಗುತ್ತಿದ್ದವು ಎಂದು ಅವನು ದಾಖಲಿಸುತ್ತಾನೆ. ಇದನ್ನು ಆಲಸ್ಯವೆಂದು ನಗುವುದು ಸುಲಭ, ಆದರೆ ನ್ಯಾಯವಲ್ಲ. ಅದೇ ಮುತ್ತಿಗೆಯಲ್ಲಿ ಮದ್ದುಗುಂಡಿನ ಅಭಾವ ದಂಡನ್ನು ಉದ್ದಕ್ಕೂ ಕಾಡಿತು, ಪುಣೆಯಿಂದ ಸರಬರಾಜು ಬರುವವರೆಗೆ ಕಾಯುವುದೇ ಒಂದು ಕೆಲಸವಾಯಿತು. ಉಗ್ರಾಣದಲ್ಲಿ ಮದ್ದು ಎಷ್ಟಿದೆಯೆಂದು ಬಲ್ಲ ಗೋಲಂದಾಜನು ನಿಧಾನವಾಗಿ ಹಾರಿಸುವುದರಲ್ಲಿ ವಿವೇಕವೂ ಇದೆ. ಕೋಟೆ ಒಪ್ಪಂದದ ಮೇಲೆ ಕೈಗೆ ಬಂದದ್ದು ಆರು ತಿಂಗಳಿಗೂ ಮೀರಿದ ಮೇಲೆ, 1791ರ ವಸಂತದಲ್ಲಿ.

ಒಕ್ಕೂಟದಲ್ಲಿ ಯಾರೂ ಹೊಸ ತೋಪಖಾನೆ ಕಟ್ಟಲಿಲ್ಲವೆಂದಲ್ಲ. ಮಹಾದಜಿ ಶಿಂದೆಯ ಸೇವೆಯಲ್ಲಿ ದ ಬ್ವಾನ್ಯ ಎಂಬ ಸವಾಯ್ ನಾಡಿನ ಸೇನಾನಿಯು ಕವಾಯತಿನ ಪಡೆಗಳನ್ನು ಬೆಳೆಸಿದಾಗ, ಆಗ್ರಾದಲ್ಲಿ ಸ್ಯಾಂಗ್‌ಸ್ಟರ್ ಎಂಬ ಸ್ಕಾಟ್ಲೆಂಡಿನವನ ಕೈಕೆಳಗೆ ತೋಪಿನ ಎರಕದ ಮನೆ ನಡೆಯಿತು, ಮತ್ತು ಅಲ್ಲಿ ತಯಾರಾದ ತೋಪುಗಳು 1803ರಲ್ಲಿ ಅಸಾಯಿಯ ಕಣದಲ್ಲಿ ವೆಲ್ಲೆಸ್ಲಿಯ ಪಡೆಗೆ ಮಾಡಿದ ಹಾನಿ ಸಾಮಾನ್ಯವಾದದ್ದಲ್ಲ. ಆದರೆ ಆ ಎರಕದ ಮನೆ ಶಿಂದೆಯದು, ಅದರ ಖರ್ಚು ಉತ್ತರದ ಜಿಲ್ಲೆಗಳ ಕಂದಾಯದ್ದು. ಪುಣೆಯ ಪಾನಸೆಯವರಿಗೆ ಅದರಿಂದ ಗುಂಡಿನ ಅಳತೆಯಾಗಲಿ ಗಾಡಿಯ ಮಾದರಿಯಾಗಲಿ ದೊರೆಯಲಿಲ್ಲ. 1795ರಲ್ಲಿ ಖರ್ಡಾದಲ್ಲಿ ನಿಜಾಮನ ಎದುರು ಒಕ್ಕೂಟದ ಸರದಾರರು ಕೊನೆಯ ಸಲ ಒಟ್ಟಾಗಿ ನಿಂತಾಗಲೂ ಪ್ರತಿಯೊಬ್ಬನೂ ತನ್ನ ತೋಪು, ತನ್ನ ಮದ್ದು, ತನ್ನ ಎತ್ತುಗಳೊಡನೆಯೇ ಬಂದಿದ್ದ. ಅಂದು ಗೆಲುವು ದೊರೆತದ್ದರಿಂದ ಈ ದೋಷ ಯಾರ ಕಣ್ಣಿಗೂ ಬೀಳಲಿಲ್ಲ.

ಕಣ್ಣಿಗೆ ಬಿದ್ದದ್ದು 1818ರಲ್ಲಿ. ಹಿಂದಿನ ನವೆಂಬರಿನಲ್ಲಿ ಖಡಕಿಯಲ್ಲಿ ಸೋತು ಪುಣೆಯನ್ನು ಬಿಟ್ಟ ಪೇಶ್ವೆ ಎರಡನೆಯ ಬಾಜೀರಾಯನು ಇಂಗ್ಲಿಷ್ ಪಡೆಗಳಿಂದ ತಪ್ಪಿಸಿಕೊಳ್ಳುತ್ತ ದಖ್ಖನಿನ ಉದ್ದಗಲ ಓಡಾಡಿದ, ಫೆಬ್ರುವರಿಯಲ್ಲಿ ಸೊಲ್ಲಾಪುರದ ಹತ್ತಿರದ ಆಷ್ಟಿಯಲ್ಲಿ ಅವನ ಸೇನಾಪತಿ ಬಾಪು ಗೋಖಲೆ ಹೋರಾಡುತ್ತ ಮಡಿದ. ಓಡುವ ಕುದುರೆಯ ಜೊತೆಗೆ ಎತ್ತಿನ ತೋಪು ಓಡಲಾರದು. ಹೀಗಾಗಿ ಪೇಶ್ವೆಯ ಕಾಲಾಳು ಮತ್ತು ತೋಪುಗಳ ಉಳಿದ ಭಾಗ ಸೊಲ್ಲಾಪುರದ ಕೋಟೆಯ ಆಸರೆಯಲ್ಲಿ ಬೀಡುಬಿಟ್ಟಿತ್ತು. ಅದರ ನಾಯಕ ಅದೇ ಮನೆತನದ ಗಣಪತರಾವ ಪಾನಸೆ, ಅವನ ಕೈಯಲ್ಲಿ ಅರಬರೂ ಸೇರಿ ಸುಮಾರು ಐದೂವರೆ ಸಾವಿರ ಕಾಲಾಳು, 850 ರಾವುತರು, 14 ತೋಪುಗಳಿದ್ದವು, ಕೋಟೆಯೊಳಗಿನ ಕಾವಲು ಪಡೆ ಬೇರೆ.

ಅವನ ಮೇಲೆ ಬಂದವನು ಕಂಪನಿಯ ಸೇನಾನಿ ಥಾಮಸ್ ಮನ್ರೋ. ಬಾದಾಮಿ, ಬೆಳಗಾವಿಗಳನ್ನು ಹಿಡಿದು, ಇನ್ನೊಬ್ಬ ಇಂಗ್ಲಿಷ್ ಸೇನಾನಿ ಪ್ರಿಟ್ಜ್ಲರನ ಪಡೆಯನ್ನು ಕೂಡಿಕೊಂಡು, ಕೃಷ್ಣೆ, ಭೀಮೆ, ಸೀನಾಗಳನ್ನು ಮಳೆಗೆ ಮೊದಲೇ ದಾಟಿ ಮೇ 9ರಂದು ಸೊಲ್ಲಾಪುರ ಮುಟ್ಟಿದ. ಶರಣಾಗತಿಯ ಷರತ್ತುಗಳನ್ನು ಒಯ್ದ ಸುಬೇದಾರನನ್ನು ಕೋಟೆಯವರು ಗೋಡೆಯ ಬುಡದಲ್ಲೇ ಕೊಂದರು. ಮರುದಿನ ಬೆಳಗಿನ ಜಾವ ಇಂಗ್ಲಿಷ್ ಪಡೆ ಏಣಿ ಹಾಕಿ ಪೇಟೆಯ ಗೋಡೆ ಹತ್ತಿದಾಗ ಗಣಪತರಾವ ತನ್ನ ತೋಪುಗಳನ್ನು ಪೇಟೆಯ ಪಕ್ಕಕ್ಕೆ ತಂದು ಗುಂಡು ಸುರಿಸಿದ. ಅವನು ತೀವ್ರವಾಗಿ ಗಾಯಗೊಂಡ, ಕೆಲವು ತೋಪುಗಳು ಶತ್ರುವಿನ ಪಾಲಾದವು. ಅದೇ ಸಂಜೆ ಅವನ ಪಡೆ ಹಿಂದೆಗೆಯತೊಡಗಿತು. ಪ್ರಿಟ್ಜ್ಲರನು ರಾವುತರೊಡನೆ ಕುದುರೆಗಳೇ ಎಳೆದು ಓಡಿಸುವ ಹಗುರ ತೋಪುಗಳನ್ನೂ ಒಯ್ದು ಬೆನ್ನಟ್ಟಿ, ಸೀನಾದ ದಿಕ್ಕಿಗೆ ಹೊರಟಿದ್ದ ಆ ಕಾಲಾಳನ್ನು ಚದರಿಸಿದ. ಎತ್ತು ಎಳೆಯುವ ತೋಪಿಗೂ ಕುದುರೆ ಎಳೆಯುವ ತೋಪಿಗೂ ಇರುವ ಅಂತರವನ್ನು ಆ ಒಂದು ಸಂಜೆ ತೋರಿಸಿದಷ್ಟು ಸ್ಪಷ್ಟವಾಗಿ ದಖ್ಖನಿನ ಬೇರೆ ಯಾವ ಕಾಳಗವೂ ತೋರಿಸಿಲ್ಲ. ಕೋಟೆ ಮೇ 15ರಂದು ಶರಣಾಯಿತು, ಜೂನ್ 3ರಂದು ಬಾಜೀರಾಯನೂ ಕಂಪನಿಯ ಸೇನಾನಿ ಮಾಲ್ಕಮನಿಗೆ ತನ್ನನ್ನು ಒಪ್ಪಿಸಿಕೊಂಡ. ಪಟವರ್ಧನರು ಆ ಹೊತ್ತಿಗೆ ತಮ್ಮ ಸರಂಜಾಮು ಉಳಿಸಿಕೊಳ್ಳುವ ದಾರಿ ಹಿಡಿದಿದ್ದರು; ಗಣಪತರಾವನ ನೆರವಿಗೆ ಒಕ್ಕೂಟದ ಯಾವ ಸರದಾರನ ತೋಪೂ ಬರಲಿಲ್ಲ.

ಈ ಚರಿತ್ರೆಯ ದೊಡ್ಡ ಭಾಗ ಇಂದಿಗೂ ಪುಣೆಯ ಪೇಶ್ವೆ ದಫ್ತರದ ಮೋಡಿ ಲಿಪಿಯ ಕಾಗದಗಳಲ್ಲಿದೆ. ಎತ್ತಿಗೆ ಕೊಟ್ಟ ಹಣ, ಗಾಡಿ ಮಾಡಿದ ಬಡಗಿಯ ಕೂಲಿ, ಗುಂಡಿನ ತೂಕ, ಗೋಲಂದಾಜನ ಬಾಕಿ ಸಂಬಳ, ಇಂಥ ಲೆಕ್ಕಗಳನ್ನು ಓದದೆ ತೋಪಿನ ಚರಿತ್ರೆ ಪೂರ್ಣವಾಗದು, ಮತ್ತು ಧಾರವಾಡ, ಬಾದಾಮಿ, ಸೊಲ್ಲಾಪುರಗಳ ವಿಷಯದಲ್ಲಿ ಅವುಗಳನ್ನು ಊರಿನ ಹೆಸರು, ಹಳ್ಳದ ಹೆಸರು, ದನದ ತಳಿ ಬಲ್ಲ ಕನ್ನಡಿಗನು ಓದುವುದಕ್ಕೂ ಬೇರೆಯವರು ಓದುವುದಕ್ಕೂ ವ್ಯತ್ಯಾಸವಿದೆ. ಹುಲಜಂತಿ, ಮಂಗಳವೇಢೆ, ಅಕ್ಕಲಕೋಟೆಗಳಲ್ಲಿ ಕನ್ನಡ ಮರಾಠಿ ಎರಡನ್ನೂ ಮನೆಯಲ್ಲೇ ಕಲಿತು ಬೆಳೆದ ತರುಣ ತರುಣಿಯರಿದ್ದಾರೆ. ಅವರಲ್ಲಿ ಕೆಲವರಾದರೂ ಮೋಡಿ ಓದುವುದನ್ನು ಕಲಿತು ಈ ಕೆಲಸಕ್ಕೆ ಕೈ ಹಾಕಬೇಕು; ವಿಶ್ವವಿದ್ಯಾಲಯಗಳ ಕನ್ನಡ ಮತ್ತು ಇತಿಹಾಸ ವಿಭಾಗಗಳು ಅದಕ್ಕೆ ಬೇಕಾದ ತರಗತಿಯನ್ನು ತೆರೆಯಬೇಕು.